‘ಪಾಲ್’ ಎನ್ನಲು ತುಟಿ ಕೂಡಬೇಕು

ಕನ್ನಡದವರು ‘ಹಾಲು’ ಎನ್ನುವುದನ್ನು ಕೊಡವರು ‘ಪಾಲ್’ ಎನ್ನುತ್ತಾರೆ. ಪದ ಒಂದೇ. ಹಳಗನ್ನಡದಲ್ಲೂ ಅದು ‘ಪಾಲ್’ ಆಗಿಯೇ ಇತ್ತು. ಹತ್ತನೆಯ ಶತಮಾನದ ಆಸುಪಾಸಿನಿಂದ ಕನ್ನಡ ಪದದ ಮೊದಲಿನ ಪಕಾರವನ್ನು ಹಕಾರಕ್ಕೆ ಬಿಟ್ಟುಕೊಡುತ್ತಾ ಬಂತು, ಕೊಡವರ ಭಾಷೆಯಾದ ಕೊಡವ ತಕ್ಕ್ ಬಿಡಲಿಲ್ಲ. ಹಾಗಾಗಿ ನಮ್ಮ ಹತ್ತು ಅವರಿಗೆ ಪತ್ತ್, ಹಲ್ಲು ಪಲ್ಲ್, ಹೆಣ್ಣು ಪೊಣ್ಣ್, ಹುತ್ತರಿ ಪುತ್ತರಿ. ಭಾಷಾಶಾಸ್ತ್ರ ಓದಿದವರಿಗೆ ಇದು ಹಳೆಯ ಪಾಠ. ಆದರೆ ಇದೇ ವ್ಯತ್ಯಾಸವನ್ನು ಬಾಯಿಯ ಒಳಗಿನಿಂದ ನೋಡಿದರೆ ವಿಷಯ ಬೇರೆಯಾಗುತ್ತದೆ. ‘ಹಾ’ ಎನ್ನಲು ಬಾಯಿ ತೆರೆದು ಉಸಿರು ಬಿಟ್ಟರೆ ಹೆಚ್ಚುಕಡಿಮೆ ಸಾಕು. ‘ಪಾ’ ಎನ್ನಲು ಎರಡೂ ತುಟಿ ಬಿಗಿಯಾಗಿ ಕೂಡಬೇಕು, ಕಿರುನಾಲಿಗೆ ಜೋತಾಡುವ ಮೆದು ಅಂಗುಳು ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚಬೇಕು, ತುಟಿಯ ಹಿಂದೆ ಗಾಳಿಯ ಒತ್ತಡ ಕಟ್ಟಬೇಕು, ಆಮೇಲೆ ತುಟಿ ಥಟ್ಟನೆ ಬಿಟ್ಟುಕೊಳ್ಳಬೇಕು. ಇಷ್ಟೆಲ್ಲ ಕಣ್ಣು ಮಿಟುಕಿಸುವುದರೊಳಗೆ. ಮುಖದ ನರಕ್ಕೋ ಅಂಗುಳಿನ ನರಕ್ಕೋ ಪೆಟ್ಟು ಬಿದ್ದವರಿಗೆ ‘ಹಾಲು’ ಸಲೀಸು, ‘ಪಾಲ್’ ಕಷ್ಟ. ಅಂಥ ಕೊಡವ ಅಜ್ಜಿಯೊಬ್ಬರನ್ನು ಕನ್ನಡದಲ್ಲಷ್ಟೇ ಮಾತಾಡಿಸಿ ‘ಮಾತು ಪರವಾಗಿಲ್ಲ’ ಎಂದು ಚೀಟಿಯಲ್ಲಿ ಬರೆದರೆ, ಮನೆಯವರು ಮಾತ್ರ ‘ಏನು ಹೇಳುತ್ತಾರೋ ತಿಳಿಯುವುದೇ ಇಲ್ಲ’ ಎಂದು ಯಾಕೆ ಗೋಳಾಡುತ್ತಾರೆ ಎಂಬುದು ಬಗೆಹರಿಯುವುದಿಲ್ಲ. ನರರೋಗದಿಂದ ಕೆಟ್ಟ ಮಾತನ್ನು ಅಳೆಯುವಾಗ ರೋಗಿಯ ಮನೆಮಾತನ್ನು ಬದಿಗಿಟ್ಟರೆ ಅಳತೆಯೇ ತಪ್ಪುತ್ತದೆ ಎಂಬುದು ನನ್ನ ವಾದ. ಕೊಡಗಿನಂಥ ಜಿಲ್ಲೆಯಲ್ಲಿ ಆ ತಪ್ಪು ಎರಡು ದಿಕ್ಕಿಗೂ ಆಗಬಹುದು: ಇರುವ ರೋಗ ಕಾಣದೆ ಹೋಗಬಹುದು, ಇಲ್ಲದ ದೋಷ ಕಾಣಿಸಿಕೊಳ್ಳಬಹುದು.

ಮೊದಲು ರೋಗದ ಮಾತು. ‘ಲಕ್ವ ಹೊಡೆದು ಮಾತು ಬಿದ್ದುಹೋಯಿತು’ ಎಂದು ಜನ ಒಂದೇ ಉಸಿರಿನಲ್ಲಿ ಹೇಳಿದರೂ ಅದರೊಳಗೆ ಮೂರು ಬೇರೆ ಬೇರೆ ತೊಂದರೆಗಳಿರಬಹುದು. ಪದವೇ ಹೊಳೆಯದಿರುವುದು, ಹೇಳಿದ್ದು ಅರ್ಥವಾಗದಿರುವುದು ಅಫೇಸಿಯಾ. ಅದು ಭಾಷೆಯ ತೊಂದರೆ. ಪದ ಹೊಳೆದಿದೆ, ವಾಕ್ಯ ಮನಸ್ಸಿನಲ್ಲಿ ಸಿದ್ಧವಿದೆ, ಆದರೆ ತುಟಿ, ನಾಲಿಗೆ, ಅಂಗುಳು, ಗಂಟಲು, ಎದೆಯ ಸ್ನಾಯುಗಳಿಗೆ ಬಲವಿಲ್ಲ ಅಥವಾ ಬಿಗಿತವಿದೆ ಅಥವಾ ಹೊಂದಾಣಿಕೆ ತಪ್ಪಿದೆ ಎಂದಾದರೆ ಅದು ಡಿಸಾರ್ಥ್ರಿಯಾ. ಸ್ನಾಯುಗಳೆಲ್ಲ ಸರಿಯಿದ್ದೂ ಅವುಗಳಿಗೆ ಯಾವ ಕ್ರಮದಲ್ಲಿ ಆಜ್ಞೆ ಕೊಡಬೇಕೆಂಬ ಯೋಜನೆ ಮಿದುಳಿನಲ್ಲಿ ಕೆಟ್ಟಿದ್ದರೆ ಅಪ್ರಾಕ್ಸಿಯಾ. ಮಾತಿನ ಚಲನೆಯ ದೋಷಗಳೆಂದರೆ ಈ ಕೊನೆಯ ಎರಡು. ಅಪ್ರಾಕ್ಸಿಯಾ ಹಿಡಿಯಲು ಪದವನ್ನು ಮೆಟ್ಟಿಲು ಮೆಟ್ಟಿಲಾಗಿ ಉದ್ದ ಮಾಡುತ್ತಾ ಹೋಗುತ್ತಾರೆ, ಇದಕ್ಕೆ ಕನ್ನಡದಷ್ಟು ಅನುಕೂಲದ ಭಾಷೆ ಕಡಿಮೆ: ಮಡಿ, ಮಡಿಕೆ, ಮಡಿಕೇರಿ, ಮಡಿಕೇರಿಯವರು, ಮಡಿಕೇರಿಯವರಿಗಂತೂ. ಡಿಸಾರ್ಥ್ರಿಯಾ ಇದ್ದವರು ಸಾಮಾನ್ಯವಾಗಿ ಮೊದಲ ಮೆಟ್ಟಿಲಿನಿಂದ ಕೊನೆಯವರೆಗೂ ಒಂದೇ ಬಗೆಯಲ್ಲಿ ಎಡವುತ್ತಾರೆ. ಅಪ್ರಾಕ್ಸಿಯಾ ಇದ್ದವರು ‘ಮಡಿ’ಯನ್ನು ಸ್ವಚ್ಛವಾಗಿ ಅಂದು ‘ಮಡಿಕೇರಿ’ಯಲ್ಲಿ ತಡಕಾಡಲು ತೊಡಗುತ್ತಾರೆ, ನಾಲಿಗೆ ಜಾಗ ಹುಡುಕುವುದು ಕಣ್ಣಿಗೇ ಕಾಣುತ್ತದೆ.

ಡಿಸಾರ್ಥ್ರಿಯಾದಲ್ಲೇ ಒಳಭೇದಗಳಿವೆ ಎಂಬುದು ಗಟ್ಟಿಯಾಗಿ ಸ್ಥಾಪನೆಯಾದದ್ದು 1969ರಲ್ಲಿ. ಅಮೆರಿಕದ ಮೇಯೊ ಕ್ಲಿನಿಕ್‌ನ ಡಾರ್ಲಿ, ಆರನ್ಸನ್, ಬ್ರೌನ್ ಎಂಬ ಮೂವರು 212 ರೋಗಿಗಳ ಮಾತನ್ನು ಧ್ವನಿಮುದ್ರಿಸಿ, 38 ಲಕ್ಷಣಗಳನ್ನು ಏಳಂಕದ ಅಳತೆಯಲ್ಲಿ ಒಂದೊಂದಾಗಿ ಗುರುತುಹಾಕಿದರು: ದನಿ ಗೊಗ್ಗರೇ, ವ್ಯಂಜನ ಮಸುಕೇ, ಸ್ವರ ತಿರುಚಿದೆಯೇ, ಮೂಗಿನಿಂದ ಬರುತ್ತಿದೆಯೇ, ವೇಗ ಎಷ್ಟು, ಹೀಗೆ. ಪಾರ್ಕಿನ್ಸನ್ ರೋಗಿಗಳ ಮಾತು ಒಂದು ಗುಂಪಾಗಿ ನಿಂತಿತು, ಕಿರುಮಿದುಳಿನ ರೋಗಿಗಳದು ಇನ್ನೊಂದು, ಮಿದುಳುಕಾಂಡದ ನರಗಳಿಗೇ ಪೆಟ್ಟಾದವರದು ಮತ್ತೊಂದು. ಕಿರುಮಿದುಳು ಕೆಟ್ಟರೆ ಮಾತಿನ ಲಯ ಕೆಡುತ್ತದೆ, ಅಕ್ಷರಗಳು ಬಿಡಿಬಿಡಿಯಾಗಿ ಅಳತೆಗೆಟ್ಟು ಬೀಳುತ್ತವೆ. ಮದ್ಯವೂ ಇದೇ ಕಿರುಮಿದುಳಿಗೆ ತಾಗುವುದರಿಂದ ಇಂಥವರು ‘ಬೆಳಗ್ಗೆಯೇ ಕುಡಿದಿದ್ದಾನೆ’ ಎಂಬ ಮಾತು ಕೇಳಬೇಕಾಗುತ್ತದೆ. ಪಾರ್ಕಿನ್ಸನ್‌ನಲ್ಲಿ ದನಿ ತಗ್ಗುತ್ತದೆ, ಏರಿಳಿತ ಸವೆಯುತ್ತದೆ, ಪದಗಳು ಒಂದರ ಮೇಲೊಂದು ಹತ್ತಿ ಓಡುತ್ತವೆ. 1978ರಲ್ಲಿ ಪ್ರಕಟವಾದ 200 ಪಾರ್ಕಿನ್ಸನ್ ರೋಗಿಗಳ ಅಧ್ಯಯನದಲ್ಲಿ ನೂರಕ್ಕೆ 89 ಮಂದಿಯಲ್ಲಿ ದನಿಯ ತೊಂದರೆ ಇತ್ತು. ಬೆಂಗಳೂರಿನ ನಿಮ್ಹಾನ್ಸ್ ಮೂರು ದಶಕಗಳಲ್ಲಿ ಕಂಡ 282 ವಿಲ್ಸನ್ ಕಾಯಿಲೆಯವರ ವಿವರವನ್ನು ಅಲ್ಲಿಯ ವೈದ್ಯರು 2007ರಲ್ಲಿ ಪ್ರಕಟಿಸಿದಾಗ ಅದರಲ್ಲೂ ತೊದಲುವ ಮಾತು ಪ್ರಮುಖ ಲಕ್ಷಣಗಳಲ್ಲೊಂದಾಗಿತ್ತು. ದೇಹದಲ್ಲಿ ತಾಮ್ರ ಜಮೆಯಾಗುವ ಈ ಕಾಯಿಲೆ ಹೆಚ್ಚಾಗಿ ಹದಿವಯಸ್ಸಿನವರನ್ನು ಹಿಡಿಯುತ್ತದೆ, ಬೇಗ ಕಂಡುಕೊಂಡರೆ ಔಷಧಿಗೆ ಬಗ್ಗುತ್ತದೆ. ಆದ್ದರಿಂದ ಮಾತು ಕೇಳಿ ರೋಗ ಊಹಿಸುವುದು ಪಂಡಿತರ ಆಟವಲ್ಲ.

ಗಮನಿಸಬೇಕಾದ್ದೆಂದರೆ, ಆ 212 ಜನರ ಅಧ್ಯಯನದ ಉಪಕರಣ ಬರೀ ಕಿವಿ. ಇಂದಿಗೂ ಪರೀಕ್ಷೆಯ ತಿರುಳು ಕಿವಿಯೇ. ಸ್ಪೀಚ್ ಥೆರಪಿಸ್ಟ್ ಎದುರಿಗೆ ಕೂತು, ‘ಉಸಿರು ಎಳೆದುಕೊಂಡು ಆಗುವಷ್ಟು ಹೊತ್ತು ಆ… ಅನ್ನಿ ಅಜ್ಜಿ’ ಎನ್ನುತ್ತಾರೆ, ಕೈಯಲ್ಲಿ ಸ್ಟಾಪ್‌ವಾಚ್. ಆರೋಗ್ಯವಂತರು ಸಾಮಾನ್ಯವಾಗಿ 15 ಸೆಕೆಂಡಿಗೂ ಹೆಚ್ಚು ಎಳೆಯುತ್ತಾರೆ. ಆರೇಳು ಸೆಕೆಂಡಿಗೇ ದನಿ ಸೋರಿಹೋದರೆ ಎದೆಯಲ್ಲಿ ಉಸಿರಿಲ್ಲವೋ, ಧ್ವನಿತಂತುಗಳು ಕೂಡುತ್ತಿಲ್ಲವೋ ಎಂಬ ಪ್ರಶ್ನೆ ಏಳುತ್ತದೆ. ಆಮೇಲೆ ‘ಪಪಪ’, ‘ತತತ’, ‘ಕಕಕ’ ಎಂದು ಬೇಗಬೇಗ ಹೇಳಿಸುತ್ತಾರೆ, ಕೊನೆಗೆ ಮೂರನ್ನೂ ಹೆಣೆದು ‘ಪತಕ ಪತಕ’. ಬಿಡಿ ಅಕ್ಷರವನ್ನು ವಯಸ್ಕರು ಸೆಕೆಂಡಿಗೆ ಐದರಿಂದ ಏಳು ಬಾರಿ ಹೇಳಬಲ್ಲರು. ಬಿಗಿತವಿದ್ದವರು ನಿಧಾನವಾಗಿ ಆದರೆ ತಾಳ ತಪ್ಪದೆ ಹೇಳುತ್ತಾರೆ, ಕಿರುಮಿದುಳು ಕೆಟ್ಟವರಿಗೆ ತಾಳವೇ ತಪ್ಪುತ್ತದೆ, ಪಾರ್ಕಿನ್ಸನ್‌ನವರು ಓಡುತ್ತಾ ಓಡುತ್ತಾ ಮೂರನ್ನೂ ಒಂದೇ ಗುಂಯ್ಗುಡುವಿಕೆಯಾಗಿಸುತ್ತಾರೆ. ‘ಪತಕ’ಕ್ಕೆ ಅರ್ಥವಿಲ್ಲದ್ದರಿಂದ ಕೆಲವರು ಗಲಿಬಿಲಿಗೊಳ್ಳುತ್ತಾರೆ. ‘ಪಟಾಕಿ’ ಎನ್ನಿಸಬಹುದು, ಆದರೆ ಬಾಯಿಗೆ ಪಳಗಿದ ಪದ ಅರ್ಥವಿಲ್ಲದ ಸದ್ದಿಗಿಂತ ಬೇಗ ಉರುಳುವುದರಿಂದ ಎರಡರ ಎಣಿಕೆಯನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು. ಅಂಗುಳಿನ ಪರೀಕ್ಷೆ ಇನ್ನೂ ಸರಳ: ‘ಅಪ್ಪ’ ಅನ್ನಿಸಿ. ಮೂಗಿನ ದಾರಿ ಮುಚ್ಚದವರ ಬಾಯಲ್ಲಿ ಅಪ್ಪ ಅಮ್ಮನ ಕಡೆಗೆ ವಾಲುತ್ತಾನೆ. ಮೂಗಿನ ಕೆಳಗೆ ಹಿಡಿದ ಪುಟ್ಟ ಕನ್ನಡಿ ಮಂಜಾಗುತ್ತದೆ. ಮೂಗು ಹಿಡಿದು ಮತ್ತೆ ಅನ್ನಿಸಿದರೆ ‘ಪ್ಪ’ ಗಟ್ಟಿಯಾಗುತ್ತದೆ.

ಇಲ್ಲಿಯವರೆಗಿನದು ಎಲ್ಲಿಯಾದರೂ ನಡೆಯುವ ಪರೀಕ್ಷೆ. ಆದರೆ ಪರೀಕ್ಷೆಯ ಅರ್ಧಭಾಗ ಮಾತಾಡಿಸುವುದು, ಓದಿಸುವುದು, ಎಣಿಸುವುದು. ಭಾಷೆ ಒಳಗೆ ಬರುವುದು ಅಲ್ಲಿ. ಇಂಗ್ಲಿಷಿನ ಲೋಕದಲ್ಲಿ ಧ್ವನಿತಂತು ನೋಡಲು ಸಕಾರವನ್ನೂ ಅದರ ಘೋಷ ರೂಪವಾದ ‘ಝ್’ ಥರದ ಸದ್ದನ್ನೂ ಎಳೆಸಿ ಹೊತ್ತನ್ನು ಹೋಲಿಸುತ್ತಾರೆ. ಆ ಎರಡನೆಯ ಸದ್ದು ಕನ್ನಡದ ಸ್ವಂತದ್ದಲ್ಲ. ಅಭ್ಯಾಸವಿಲ್ಲದ ಅಜ್ಜನೊಬ್ಬ ಅದನ್ನು ಎಳೆಯಲಾಗದಿದ್ದರೆ ತಪ್ಪು ಗಂಟಲಿನದಲ್ಲ. ಅತ್ತ ಕನ್ನಡದಲ್ಲಿರುವ ದೀರ್ಘ, ಒತ್ತಕ್ಷರಗಳ ಲೆಕ್ಕಾಚಾರ ಇಂಗ್ಲಿಷಿನಲ್ಲಿಲ್ಲ. ‘ಹಾಲು’, ‘ಹಲ್ಲು’ ನೋಡಿ. ಸ್ವರವನ್ನು ಎಳೆದು ಲಕಾರವನ್ನು ತಟ್ಟಿ ಬಿಟ್ಟರೆ ಕುಡಿಯುವ ವಸ್ತು, ಸ್ವರವನ್ನು ಮೊಟಕಿಸಿ ಲಕಾರವನ್ನು ಹಿಡಿದು ನಿಲ್ಲಿಸಿದರೆ ಅಗಿಯುವ ವಸ್ತು. ಕಾಲು-ಕಲ್ಲು, ಬಳಿ-ಬಳ್ಳಿ ಎಲ್ಲ ಹೀಗೆಯೇ, ನಡುವೆ ಇರುವುದು ಬರೀ ಹೊತ್ತಿನ ಅಂತರ, ಅದೂ ಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸು. ಹೊತ್ತನ್ನು ಅಳೆದು ಕೊಡುವ ಅಂಗವೇ ಕಿರುಮಿದುಳು. ಅದು ಕೆಟ್ಟಾಗ ಇಂಗ್ಲಿಷಿನಲ್ಲಿ ಮಾತು ವಿಚಿತ್ರವಾಗಿ ಕೇಳಿಸುತ್ತದೆ, ಕನ್ನಡದಲ್ಲಿ ಪದವೇ ಬದಲಾಗಿಬಿಡಬಹುದು. ಹೀಗಿರುವಾಗ ಬೇರೆ ಭಾಷೆಗೆ ಕಟ್ಟಿದ ತೀವ್ರತೆಯ ಅಂಕಗಳನ್ನು ತಂದು ಕನ್ನಡಿಗರಿಗೆ ಹಚ್ಚುವುದು ಒಪ್ಪತಕ್ಕದ್ದಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಜನರ ಬಾಯಲ್ಲಿ ‘ಆಯಿಷ್’, 1970ರ ದಶಕದಲ್ಲೇ ಕನ್ನಡದ್ದೇ ಉಚ್ಚಾರ ಪರೀಕ್ಷೆಯನ್ನು ರೂಪಿಸಿಕೊಂಡದ್ದು ಈ ಕಾರಣಕ್ಕೇ.

ಈಗ ಕನ್ನಡಕ್ಕೆ ನಾವು ಕೇಳಿದ ಈ ನ್ಯಾಯವನ್ನು ಕನ್ನಡದ ನೆರಳಲ್ಲಿರುವ ಭಾಷೆಗಳಿಗೂ ಕೊಡಬೇಕಲ್ಲವೇ? 2011ರ ಜನಗಣತಿಯಂತೆ ಕೊಡಗಿನ ಜನಸಂಖ್ಯೆ 5,54,519. ದೇಶದಲ್ಲಿ ಕೊಡವ ಮಾತಾಡುತ್ತೇವೆಂದು ಬರೆಸಿದವರು 1,13,857. ಜಿಲ್ಲೆಯೊಳಗೆ ಕನ್ನಡ, ಕೊಡವ, ಅರೆಭಾಷೆ, ಮಲಯಾಳ, ತುಳು, ತಮಿಳು, ಯರವ, ಕುರುಬರ ಮಾತು, ಉರ್ದು ಎಲ್ಲವೂ ಇವೆ. ಆಸ್ಪತ್ರೆಯ ಮಾತು ಮಾತ್ರ ಹೆಚ್ಚಾಗಿ ಕನ್ನಡ. ಕೊಡವದಲ್ಲಿ ಕನ್ನಡದಲ್ಲಿಲ್ಲದ ಸ್ವರಗಳಿವೆ. ಇ, ಎಗಳ ಹತ್ತಿರದವು, ಆದರೆ ನಾಲಿಗೆ ಬಾಯಿಯ ನಡುವಿಗೆ ಸರಿದು ಹುಟ್ಟುವಂಥವು. ಕನ್ನಡ ಲಿಪಿಯಲ್ಲಿ ಅವಕ್ಕೆ ಅಕ್ಷರವೇ ಇಲ್ಲ. 1930ರ ದಶಕದಲ್ಲಿ ಭಾರತಕ್ಕೆ ಬಂದು ದ್ರಾವಿಡ ಭಾಷೆಗಳನ್ನು ಅಭ್ಯಾಸ ಮಾಡಿದ ಎಂ. ಬಿ. ಎಮಿನೊ ಈ ಸ್ವರಗಳಿಗಾಗಿಯೇ 1970ರಲ್ಲಿ ಒಂದು ಲೇಖನ ಬರೆಯಬೇಕಾಯಿತು. ಕೊಡವರ ಹಬ್ಬವೊಂದರ ಹೆಸರನ್ನು ‘ಕೈಲ್ ಪೊಳ್ದ್’ ಎಂದು ನಾವು ಬರೆಯುತ್ತೇವೆ, ಆದರೆ ಕೊನೆಯ ‘ದ್’ ಆದಮೇಲೆ ಅರೆನುಂಗಿದಂಥ ಒಂದು ಸ್ವರ ಉಳಿದಿರುತ್ತದೆ. ಈ ಸ್ವರಗಳನ್ನು ಕೇಳಿ ಬೆಳೆಯದ ಕಿವಿಗೆ ಅವು ಮಸುಕು ಸ್ವರದಂತೆಯೂ ಪದದ ಬಾಲ ನುಂಗಿದಂತೆಯೂ ಕೇಳಿಸುವುದು ಸಹಜ. ಮೇಯೊ ಪಟ್ಟಿಯ 38 ಲಕ್ಷಣಗಳಲ್ಲಿ ‘ತಿರುಚಿದ ಸ್ವರ’ವೂ ಒಂದು ಎಂಬುದನ್ನು ನೆನಪಿಸಿಕೊಳ್ಳಿ. ಆರೋಗ್ಯವಂತ ಕೊಡವನ ನಾಲಿಗೆಗೂ ಅಲ್ಲಿ ಒಂದು ಗುರುತು ಬಿದ್ದೀತು. ಎಣಿಕೆಯೂ ಹಾಗೆಯೇ. ಮೂಗುದನಿ ಇದೆಯೇ ಎಂದು ನೋಡಲು ಒಂದರಿಂದ ಹತ್ತು ಹೇಳಿಸುವುದು ರೂಢಿ. ಕನ್ನಡದ ‘ಎರಡು’, ‘ಐದು’ಗಳಲ್ಲಿ ಮೂಗಿನ ಕೆಲಸವೇ ಇಲ್ಲ. ಕೊಡವದಲ್ಲಿ ಅವು ‘ದಂಡ್’, ‘ಅಂಜಿ’. ನಮ್ಮ ‘ಮೂರು’ ಅಲ್ಲಿ ‘ಮೂಂದ್’. ಒಂದರಿಂದ ಐದರವರೆಗೆ ಪ್ರತಿ ಪದದಲ್ಲೂ ಮೂಗಿನಕ್ಷರ. ಇಂಥ ಎಣಿಕೆ ಕೇಳಿ ಮೂಗುದನಿ ತೂಗಲು ಕೂತರೆ ತಕ್ಕಡಿ ಮೊದಲೇ ಒಂದು ಕಡೆ ವಾಲಿರುತ್ತದೆ.

‘ಸ್ನಾಯುವಿಗೆ ಜಾತಿಯಿಲ್ಲ, ಭಾಷೆಯೂ ಇಲ್ಲ. ನಾಲಿಗೆಯ ಬಲ, ತುಟಿಯ ವೇಗ, ಉಸಿರಿನ ಅಳತೆ ಎಲ್ಲರಿಗೂ ಒಂದೇ, ಅಷ್ಟನ್ನು ಅಳೆದರೆ ಸಾಲದೇ?’ ಎಂದು ಕೇಳುವವರಿದ್ದಾರೆ. ಬಲವಾದ ಆಕ್ಷೇಪವೇ. ‘ಆ’ ಎಳೆಯುವುದಕ್ಕೂ ‘ಪತಕ’ಕ್ಕೂ ಭಾಷೆಯ ಹಂಗು ಕಡಿಮೆ ಎಂಬುದನ್ನು ನಾನೇ ಒಪ್ಪಿದ್ದೇನೆ. ಕೆಟ್ಟಿರುವ ನರ ಯಾವುದು ಎಂಬ ಪ್ರಶ್ನೆಗೆ ಅವು ಬಹಳ ದೂರ ಕರೆದೊಯ್ಯುತ್ತವೆ. ಆದರೆ ರೋಗಿ ಬಂದಿರುವುದು ಆ ಪ್ರಶ್ನೆ ಹೊತ್ತುಕೊಂಡಲ್ಲ. ಅವರ ದೂರು, ನಾನು ಹೇಳುವುದು ಜನಕ್ಕೆ ತಿಳಿಯುತ್ತಿಲ್ಲ ಎಂಬುದು. ನಾಲಿಗೆ ಹೊರಚಾಚಿ ಆಡಿಸುವುದು ಬೇರೆ, ಅದೇ ನಾಲಿಗೆ ಓಡುವ ಮಾತಿನಲ್ಲಿ ತಕಾರದಿಂದ ಟಕಾರಕ್ಕೆ, ಅಲ್ಲಿಂದ ಳಕಾರಕ್ಕೆ ಮಡಚಿಕೊಳ್ಳುವುದು ಬೇರೆ. ಒಂದರಲ್ಲಿ ಪಾಸಾಗಿ ಇನ್ನೊಂದರಲ್ಲಿ ನಪಾಸಾಗುವವರು ಎರಡೂ ಕಡೆ ಇದ್ದಾರೆ. ಕನ್ನಡದಲ್ಲೂ ಅಪ್ಪ, ಉಪ್ಪು, ಬಾಯಿ, ಮನೆ ಎಂದು ತುಟಿ ಕೂಡುವ ಪದಗಳು ಬೇಕಾದಷ್ಟಿವೆ, ‘ಪಾಲ್’ ಒಂದೇ ಆಧಾರವೇ ಎಂದೂ ಕೇಳಬಹುದು. ಇವೆ ನಿಜ, ತುಟಿಯ ದೌರ್ಬಲ್ಯ ಗಾಢವಾಗಿದ್ದರೆ ಯಾವ ಭಾಷೆಯಲ್ಲೂ ಅಡಗದು. ಅಡಗುವುದು ಶುರುವಿನ, ಅಲ್ಪಸ್ವಲ್ಪದ ದೌರ್ಬಲ್ಯ. ಪರೀಕ್ಷೆಯಿಂದ ಹೆಚ್ಚು ಪ್ರಯೋಜನ ಆಗಬೇಕಾದ ಹೊತ್ತೂ ಅದೇ. ದಿನಬಳಕೆಯ ನೂರಾರು ಪದಗಳ ಬಾಗಿಲಲ್ಲೇ ಪಕಾರ ಕೂತಿರುವ ಭಾಷೆ ತುಟಿಯ ಮೇಲೆ ಹೊರಿಸುವ ಹೊರೆ, ಅದನ್ನು ಉಸಿರಿಗೆ ಇಳಿಸಿಕೊಂಡ ಭಾಷೆಯದಕ್ಕಿಂತ ಹೆಚ್ಚು. ಹಳೆ ಮೈಸೂರಿನ ಆಡುಮಾತಿನಲ್ಲಂತೂ ಆ ಉಸಿರನ್ನೂ ಬಿಟ್ಟು ‘ಆಲು’ ಎನ್ನುವವರಿದ್ದಾರೆ!

‘ಎಂಆರ್‌ಐ ಇರುವ ಕಾಲದಲ್ಲಿ ಕಿವಿಗೊಟ್ಟು ಕೂರುವುದೇಕೆ?’ ಎಂಬುದು ಇನ್ನೊಂದು ಆಕ್ಷೇಪ. ಸ್ಟ್ರೋಕ್‌ನಲ್ಲಿ ಇದಕ್ಕೆ ಎದುರುತ್ತರವಿಲ್ಲ. ಇದ್ದಕ್ಕಿದ್ದಂತೆ ಮಾತು ತೊದಲಿದರೆ ಯಾವ ಭಾಷೆಯ ಪರೀಕ್ಷೆಗೂ ಕಾಯದೆ ಸ್ಕ್ಯಾನ್ ಇರುವ ಆಸ್ಪತ್ರೆಗೆ ಓಡಬೇಕು. ಹೆಪ್ಪು ಕರಗಿಸುವ ಔಷಧಿಗೆ ಇರುವುದು ನಾಲ್ಕೂವರೆ ಗಂಟೆಯ ಅವಧಿ, ಬ್ರಹ್ಮಗಿರಿಯ ತಪ್ಪಲಿನಿಂದ ಹೊರಟವರಿಗೆ ಅದರಲ್ಲಿ ದಾರಿಯ ಖರ್ಚೇ ದೊಡ್ಡದು. ಆದರೆ ಪಾರ್ಕಿನ್ಸನ್‌ನಲ್ಲಿ ಸಾಧಾರಣ ಎಂಆರ್‌ಐ ಬಹುತೇಕ ಏನೂ ಹೇಳುವುದಿಲ್ಲ. ಸ್ನಾಯುಗಳನ್ನು ಒಣಗಿಸುವ ಎಎಲ್‌ಎಸ್‌ನ ಶುರುವಿನಲ್ಲೂ ಅಷ್ಟೆ. ಕೆಲವರಲ್ಲಿ ಅದರ ಮೊದಲ ಸುಳಿವು ಸಿಗುವುದು ಮಾತಿನಲ್ಲೇ. ಹಾಗೆಂದು ಕಿವಿಯನ್ನು ದೇವರ ಕಿವಿ ಮಾಡುವುದೂ ಬೇಡ. ನೆದರ್‌ಲೆಂಡ್ಸ್‌ನ 2008ರ ಅಧ್ಯಯನವೊಂದರಲ್ಲಿ, ರೋಗಿಯ ಬೇರಾವ ವಿವರವನ್ನೂ ಕೊಡದೆ ಬರೀ ಧ್ವನಿಮುದ್ರಣ ಕೇಳಿಸಿ ಡಿಸಾರ್ಥ್ರಿಯಾದ ಬಗೆ ಗುರುತಿಸಲು ಹೇಳಿದಾಗ, ನರವೈದ್ಯರೂ ಮಾತಿನ ಚಿಕಿತ್ಸಕರೂ ಸರಿಯಾಗಿ ಹೇಳಿದ್ದು ಹೆಚ್ಚುಕಡಿಮೆ ಮೂರರಲ್ಲಿ ಒಂದು. ತಮ್ಮದೇ ಭಾಷೆ ಕೇಳುತ್ತಿದ್ದವರ ಪಾಡೇ ಇದಾದರೆ, ಪರಭಾಷೆಯವರ ಪಾಡು ಹೇಗಿದ್ದೀತು? ಕಂಪ್ಯೂಟರಿಗೆ ಒಪ್ಪಿಸೋಣ ಎಂಬ ಮಾತೂ ಕೇಳಿಬರುತ್ತಿದೆ. ದನಿಯ ನಡುಕ, ವಿರಾಮದ ಉದ್ದಗಳನ್ನು ಅದು ನಮಗಿಂತ ನಿಖರವಾಗಿ ಅಳೆಯುತ್ತದೆ, ಅಳೆಯಲಿ. ಆದರೆ ಅರ್ಥವಾಗುತ್ತದೆಯೇ ಇಲ್ಲವೇ ಎಂದು ತೀರ್ಮಾನಿಸಲು ಅದಕ್ಕೆ ಆ ಭಾಷೆ ಗೊತ್ತಿರಬೇಕು. ಕನ್ನಡಕ್ಕಷ್ಟೇ ಪಳಗಿದ ತಂತ್ರಾಂಶ ಸ್ವಚ್ಛವಾಗಿ ಹೇಳಿದ ‘ಪಾಲ್’ ಅನ್ನೂ ‘ಪಾಲು’ ಎಂದು ಬರೆದೀತು. ಆಸ್ತಿ ವಿಷಯದಲ್ಲಿ ಮನೆಯವರು ಗಾಬರಿಯಾದಾರು, ಅಷ್ಟೆ.

ಒಂಬತ್ತು ಭಾಷೆಗೆ ಒಂಬತ್ತು ಪ್ರಮಾಣಿತ ಪರೀಕ್ಷೆ ಯಾರು ಮಾಡುತ್ತಾರೆ ಎಂಬ ಪ್ರಶ್ನೆಯೇ ನನಗೆ ಎಲ್ಲಕ್ಕಿಂತ ಕಠಿಣವಾಗಿ ಕಾಣುವುದು. ನೂರಾರು ಆರೋಗ್ಯವಂತರ ಮಾತನ್ನು ದಾಖಲಿಸಿ, ವಯಸ್ಸಿಗೆ ತಕ್ಕ ಸರಾಸರಿ ತೆಗೆದು ಕಟ್ಟುವ ಪರೀಕ್ಷೆ ಯರವ ಭಾಷೆಗೆ ನಾಳೆಯೇ ಬರುವುದಿಲ್ಲ. ಆದರೆ ಅದು ಬರುವವರೆಗೆ ಕನ್ನಡವನ್ನೇ ಹಚ್ಚಬೇಕೆಂದೇನೂ ಇಲ್ಲ. ನಡುವೆ ಒಂದು ದಾರಿಯಿದೆ: ಇಪ್ಪತ್ತು-ಮೂವತ್ತು ಪದಗಳ ಪಟ್ಟಿ. ಪದಗಳು ಜೋಡಿಜೋಡಿಯಾಗಿರಬೇಕು, ಪಾಲ್-ಪಲ್ಲ್ ಥರ, ಒಂದು ತಪ್ಪಿದರೆ ಇನ್ನೊಂದಾಗುವಂತೆ. ಚಿತ್ರದ ಚೀಟಿಗಳನ್ನು ಕಲೆಸಿ ರೋಗಿಯ ಕೈಗೆ ಕೊಡುವುದು. ಅದೇ ಭಾಷೆಯ ಇನ್ನೊಬ್ಬರು ಬೆನ್ನು ತಿರುಗಿಸಿ ಕೂತು, ಕೇಳಿಸಿದ್ದನ್ನು ಬರೆಯುವುದು, ಊಹೆ ಮಾಡಿ ತಿದ್ದದೆ. ಕೇಳುವವರು ಸೊಸೆಯೋ ಮಗನೋ ಆದರೆ ಅವರ ಕಿವಿ ಆಗಲೇ ಆ ತೊದಲಿಗೆ ಹೊಂದಿಕೊಂಡಿರುತ್ತದೆ, ‘ಕಾಪಿ’ಯಲ್ಲಿ ಕಾಲು ಭಾಗ ಕೇಳಿಸಿದರೂ ಲೋಟ ತಂದಿಡುತ್ತಾರೆ. ಅದಕ್ಕೇ ಮನೆಯವರೊಬ್ಬರು, ಹೊರಗಿನವರೊಬ್ಬರು ಇಬ್ಬರೂ ಬರೆಯಬೇಕು. ಇಬ್ಬರ ಅಂಕಗಳ ನಡುವಿನ ಅಂತರವೇ ಒಂದು ಮಾಹಿತಿ: ಸಂತೆಯಲ್ಲಿ, ಬಸ್ಸಿನಲ್ಲಿ, ಬ್ಯಾಂಕಿನಲ್ಲಿ ಈ ಮನುಷ್ಯನ ಕಥೆ ಏನು ಎಂಬುದು ಅದರಲ್ಲಿದೆ. ಇದು ರೋಗನಿರ್ಣಯ ಮಾಡುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ನರ ಯಾವುದೆಂದು ಹೇಳಲು ವೈದ್ಯರಿದ್ದಾರೆ, ‘ಪತಕ’ ಇದೆ. ಇಪ್ಪತ್ತರಲ್ಲಿ ಎಷ್ಟು ತಲುಪಿತು, ತಪ್ಪಿದ್ದು ಯಾವ ಬಗೆಯವು, ಮೂರು ತಿಂಗಳ ವ್ಯಾಯಾಮದ ನಂತರ ಎಷ್ಟಾಯಿತು ಎಂಬುದನ್ನು ಈ ಪಟ್ಟಿ ಹೇಳುತ್ತದೆ. ಮಡಿಕೇರಿಯಲ್ಲಿ 2016ರಿಂದ ವೈದ್ಯಕೀಯ ಕಾಲೇಜಿದೆ. ಹಾಸ್ಟೆಲಿನಲ್ಲೋ ವಾರ್ಡಿನಲ್ಲೋ ಕೊಡವ, ಅರೆಭಾಷೆ, ಮಲಯಾಳ ಬಲ್ಲವರೊಬ್ಬರು ಸಿಗದೆ ಇರಲಾರರು.

ಎಲ್ಲಿ, ಯಾವ ಹೊತ್ತಿನಲ್ಲಿ ಅಳೆಯುತ್ತೇವೆ ಎಂಬುದೂ ಇದಕ್ಕೇ ಸೇರಿದ್ದು. ಮಡಿಕೇರಿಯಿಂದ ಆಯಿಷ್‌ಗೆ ಸುಮಾರು 120 ಕಿಲೋಮೀಟರ್, ಜಿಲ್ಲೆಯೊಳಗೆ ರೈಲಿಲ್ಲ. ಪಾರ್ಕಿನ್ಸನ್‌ನವರು ಬೆಳಗಿನ ಮಾತ್ರೆ ನುಂಗಿ ಮೊದಲ ಬಸ್ಸು ಹತ್ತಿ, ಸರದಿಯಲ್ಲಿ ಕಾದು ಒಳಗೆ ಹೋಗುವಷ್ಟರಲ್ಲಿ ಆ ಮಾತ್ರೆಯಲ್ಲಿನ ಲೆವೊಡೋಪಾದ ಪರಿಣಾಮ ಇಳಿದಿರಬಹುದು. ಆಗ ದಾಖಲಾಗುವುದು ಮಾತ್ರೆಯಿಲ್ಲದ ಮಾತು. ಮಯಸ್ತೇನಿಯಾದಲ್ಲಿ ಇನ್ನೊಂದು ಬಗೆ: ಬಳಸುತ್ತಾ ಬಳಸುತ್ತಾ ಸ್ನಾಯು ಸೋಲುತ್ತದೆ, ವಿಶ್ರಾಂತಿ ಕೊಟ್ಟರೆ ಚೇತರಿಸಿಕೊಳ್ಳುತ್ತದೆ. ಆದ್ದರಿಂದ ಇವರನ್ನು ಒಂದರಿಂದ ನೂರರವರೆಗೆ ಗಟ್ಟಿಯಾಗಿ ಎಣಿಸಲು ಹೇಳುತ್ತಾರೆ. ಮೊದಮೊದಲು ಸ್ವಚ್ಛವಾಗಿದ್ದ ಮಾತು ಅರವತ್ತು-ಎಪ್ಪತ್ತರ ಹೊತ್ತಿಗೆ ಮೂಗಿಗೆ ಜಾರಿದರೆ ರೋಗ ಸಿಕ್ಕಿಬಿತ್ತು. ಇಡೀ ದಾರಿ ಪಕ್ಕದವರೊಡನೆ ಹರಟುತ್ತಾ ಬಂದವರಲ್ಲಿ ಈ ಪರೀಕ್ಷೆಯ ‘ಮೊದಮೊದಲು’ ಎಂಬುದೇ ಮುಗಿದುಹೋಗಿರುತ್ತದೆ. ಇದಕ್ಕೆ ಮನೆಯಲ್ಲಿ, ಮೊಬೈಲಿನಲ್ಲಿ, ರೋಗಿಯ ಬಾಯಿಯಿಂದ ಒಂದು ಗೇಣು ದೂರದಲ್ಲಿ ಹಿಡಿದು ಮಾಡಿದ ಐದು ನಿಮಿಷದ ಧ್ವನಿಮುದ್ರಣ ದೊಡ್ಡ ಸಹಾಯ. ಬೆಳಗ್ಗೆ ಒಂದು, ಸಂಜೆ ಒಂದು. ಶುರುವಿನಲ್ಲೇ ತಾರೀಖು, ಗಂಟೆ, ಕೊನೆಯ ಮಾತ್ರೆ ನುಂಗಿದ್ದು ಎಷ್ಟು ಹೊತ್ತಿಗೆ ಎಂದು ಹೇಳಿ, ಆಮೇಲೆ ಒಂದರಿಂದ ಹತ್ತು, ಅದೂ ಮನೆಯಲ್ಲಿ ಎಣಿಸುವ ಭಾಷೆಯಲ್ಲಿ. ಕೊಡವರಾದರೆ ಕೊನೆಯ ಸಂಖ್ಯೆ ‘ಪತ್ತ್’. ತುಟಿ ಕೂಡಿತೇ, ಗಾಳಿ ಮೂಗಿನಿಂದ ಸೋರಿತೇ ಎಂಬುದು ಅದರ ಮೊದಲ ಅಕ್ಷರದಲ್ಲೇ ಕೇಳಿಸುತ್ತದೆ.